ಹುಳನೂ ತಿನ್ನುತ್ತೆ, ಗಿಡದ ರಸನೂ ಹೀರುತ್ತೆ: ಇಂಥ ಕೀಟ ಬೆಳೆಯಲ್ಲಿ ಕಂಡ್ರೆ ಏನ್ ಮಾಡ್ಬೇಕು

ಟೊಮೆಟೊ ಗಿಡದ ಕುಡಿ ಹತ್ರ ತೆಳ್ಳಗಿನ ಹಸಿರು ತಿಗಣೆಗಳು ಓಡಾಡ್ತಿವೆ, ಎಳೆ ಕಾಂಡದ ಸುತ್ತ ಕಂದು ಬಣ್ಣದ ಉಂಗುರದ ತರ ಗಾಯ ಇದೆ, ಅಲ್ಲಲ್ಲಿ ಹೂ ಉದುರಿದೆ. ಆದ್ರೆ ಹೋದ ವಾರ ಎಲೆ ಅಡಿ ತುಂಬಿಕೊಂಡಿದ್ದ ಬಿಳಿನೊಣ ಈಗ ಹುಡುಕಿದ್ರೂ ಸಿಗ್ತಿಲ್ಲ. ಈಗ ಸ್ಪ್ರೇ ಹೊಡೀಬೇಕಾ, ಬಿಡಬೇಕಾ? ಈ ಪ್ರಶ್ನೆಗೆ "ಅದು ಮಿತ್ರ ಕೀಟ, ಬಿಡಿ" ಅನ್ನೋದೂ ತಪ್ಪು, "ಗಿಡ ಹಾಳು ಮಾಡ್ತಿದೆ, ಹೊಡೀರಿ" ಅನ್ನೋದೂ ತಪ್ಪು. ಈ ಜಾತಿ ಕೀಟಗಳು ಎರಡೂ ಕೆಲಸ ಮಾಡ್ತವೆ. ಇವತ್ತು ನಿಮ್ಮ ಗಿಡದಲ್ಲಿ ಅದಕ್ಕೆ ತಿನ್ನೋಕೆ ಹುಳ ಎಷ್ಟಿದೆ ಅನ್ನೋದರ ಮೇಲೆ ಅದು ನಿಮಗೆ ಲಾಭನಾ ನಷ್ಟನಾ ಅಂತ ತೀರ್ಮಾನ ಆಗುತ್ತೆ. ಈ ಲೇಖನ ಪೂರ್ತಿ ಆ ಲೆಕ್ಕ ಹೇಗೆ ಹಾಕೋದು ಅನ್ನೋದರ ಬಗ್ಗೆ.

ಮೊದಲು: ಬೇಟೆ ಆಡೋ ಕೀಟ ಗಿಡಕ್ಕೆ ಯಾಕೆ ಬಾಯಿ ಹಾಕುತ್ತೆ

ಇದು ಗೊತ್ತಿದ್ರೆ ಮುಂದಿನ ಎಲ್ಲ ಸ್ಟೆಪ್ ಸುಲಭ. ಬೇಟೆಗಾರ ತಿಗಣೆಗಳಿಗೆ ಅಗಿಯೋ ಬಾಯಿ ಇಲ್ಲ, ಸೂಜಿ ತರದ ಕೊಳವೆ ಇರುತ್ತೆ. ಅದನ್ನ ಬೇಟೆ ಒಳಗೆ ಚುಚ್ಚಿ ಜೊಲ್ಲು ಬಿಟ್ಟು ಒಳಗಿರೋದನ್ನೆಲ್ಲ ಕರಗಿಸಿ ಆಮೇಲೆ ಹೀರ್ಕೊಳ್ಳುತ್ತೆ. ಅಷ್ಟು ಜೊಲ್ಲು ಮಾಡೋಕೆ ನೀರು ಬೇಕು, ಆ ನೀರನ್ನ ಗಿಡದಿಂದ ತಗೊಳ್ಳುತ್ತೆ, ನಾವು ಊಟದ ಜೊತೆ ನೀರು ಕುಡಿಯೋ ಹಾಗೆ. ಅಂದ್ರೆ ಹೊಟ್ಟೆ ತುಂಬ ಬೇಟೆ ಸಿಕ್ಕಾಗಲೂ ಅದು ಗಿಡಕ್ಕೆ ಸ್ವಲ್ಪ ಚುಚ್ಚೇ ಚುಚ್ಚುತ್ತೆ, ಅದನ್ನ ಪೂರ್ತಿ ನಿಲ್ಲಿಸೋಕೆ ಆಗಲ್ಲ. ಬೇಟೆ ಕಮ್ಮಿ ಆದಾಗ ಮಾತ್ರ ಗಿಡದ ರಸನೇ ಊಟ ಆಗುತ್ತೆ, ಕುಡಿ, ಹೂವಿನ ತೊಟ್ಟು, ಎಳೆ ಕಾಂಡಕ್ಕೆ ಪದೇ ಪದೇ ಚುಚ್ಚೋಕೆ ಶುರು ಮಾಡುತ್ತೆ, ನಮ್ಮ ಕಣ್ಣಿಗೆ ಬೀಳೋ ಗಾಯ ಹೆಚ್ಚಿನ ಪಾಲು ಆಗಿನದ್ದು.

ಎಲ್ಲ ಕೀಟನೂ ಕಾಂಡಕ್ಕೇ ಚುಚ್ಚುತ್ತೆ ಅಂತಲ್ಲ. ಗುಲಗಂಜಿ ಹುಳುಗಳಲ್ಲಿ ಬಹಳ ಜಾತಿ ಪರಾಗ ತಿನ್ನುತ್ತವೆ, ಅಮೆರಿಕಾದ ಕೋಲಿಯೋಮೆಗಿಲ್ಲಾ ಅನ್ನೋ ಗುಲಗಂಜಿ ಹುಳದ ಮರಿ ಬರೀ ಮೆಕ್ಕೆಜೋಳದ ಪರಾಗ ತಿಂದೇ ದೊಡ್ಡದಾಗಬಲ್ಲದು. ಕ್ರೈಸೋಪರ್ಲಾ, ಅಂದ್ರೆ ಹಸಿರು ಜಾಲರಿ ರೆಕ್ಕೆ ಕೀಟ, ಮರಿ ಇದ್ದಾಗ ಗಿಡದ ಹೇನು ತಿನ್ನೋ ಬಕಾಸುರ, ಬೆಳೆದ ಮೇಲೆ ಮಕರಂದ, ಪರಾಗ, ಹೇನಿನ ಸಿಹಿ ಅಂಟು ಅಷ್ಟೇ. ಇವುಗಳಿಂದ ಬೆಳೆಗೆ ನಷ್ಟ ಇಲ್ಲ, ಇವುಗಳ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಬೇಡ. ತಲೆ ಕೆಡಿಸ್ಕೊಳ್ಳಬೇಕಾದ್ದು ಮುಖ್ಯವಾಗಿ ಮಿರಿಡ್ ಅನ್ನೋ ಕುಟುಂಬದ ತಿಗಣೆಗಳ ಬಗ್ಗೆ.

ಸ್ಟೆಪ್ 1: ಯಾವ ಕೀಟ ಅಂತ ಗುರುತು ಹಿಡೀರಿ

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಹ್ಯಾಂಡ್ ಲೆನ್ಸ್ ಒಂದು ಇಟ್ಕೊಳ್ಳಿ, ಇಲ್ಲಾಂದ್ರೆ ಫೋನಿನಲ್ಲಿ ಹತ್ರದಿಂದ ಫೋಟೋ ತೆಗೆದು ಝೂಮ್ ಮಾಡಿ ನೋಡಿ.

ನೆಸಿಡಿಯೊಕೋರಿಸ್ ಟೆನ್ಯುಯಿಸ್: ಟೊಮೆಟೊದಲ್ಲಿ ಜಾಸ್ತಿ ಕಾಣೋ ಮಿರಿಡ್ ಇದು. 3ರಿಂದ 4 ಮಿಲಿಮೀಟರ್ ಉದ್ದ, ತೆಳು ಹಸಿರು, ಉದ್ದ ಕಾಲು, ತಲೆ ಹಿಂದೆ ಕತ್ತಿನ ಹತ್ರ ಕಪ್ಪು ಪಟ್ಟಿ. ಬಿಸಿಲು, ಸೆಕೆ ಅಂದ್ರೆ ಇದಕ್ಕೆ ಇಷ್ಟ, ಸೆಕೆಗಾಲದಲ್ಲಿ ಬೇಗ ಬೇಗ ಹೆಚ್ಚುತ್ತೆ. ಕುಡಿಯಲ್ಲೇ ಗುಂಪು ಸೇರುತ್ತೆ.

ಮ್ಯಾಕ್ರೋಲೋಫಸ್: ಇದೂ ಹಸಿರು ಮಿರಿಡ್‌ನೇ, ಆದ್ರೆ ಮೀಸೆಯ ಮೊದಲನೇ ತುಂಡು ಪೂರ್ತಿ ಕಪ್ಪು, ಕಣ್ಣಿನ ಹಿಂದೆ ಒಂದು ಕಪ್ಪು ಗೆರೆ. ಯೂರೋಪಿನ ಗ್ರೀನ್‌ಹೌಸ್‌ಗಳಲ್ಲಿ ಬೇಕು ಅಂತಲೇ ಬಿಡೋ ಕೀಟ. ನೆಸಿಡಿಯೊಕೋರಿಸ್‌ಗಿಂತ ನಿಧಾನ, ಸ್ವಲ್ಪ ಸಾಧು, ಆದ್ರೆ ಚೆರ್ರಿ ಟೊಮೆಟೊ, ಜರ್ಬೆರಾ ಹೂವಿಗೆ ಇದರಿಂದಲೂ ಕಲೆ ಬೀಳೋದುಂಟು.

ಓರಿಯಸ್: 2ರಿಂದ 3 ಮಿಲಿಮೀಟರ್, ಕಪ್ಪು ಕಂದು ಮೈ, ರೆಕ್ಕೆ ಮೇಲೆ ಬಿಳಿ ಮಚ್ಚೆ. ಮರಿ ಹಳದಿ ಇಲ್ಲಾ ಕಿತ್ತಳೆ ಬಣ್ಣ, ಕಣ್ಣು ಕೆಂಪು. ಹೂವಿನ ಒಳಗೇ ವಾಸ, ಥ್ರಿಪ್ಸ್ ಅನ್ನೋ ಗಿಡದ ರಸ ಹೀರೋ ಪುಟಾಣಿ ಕೀಟ ಹಿಡಿಯೋದರಲ್ಲಿ ಇದಕ್ಕೆ ಸಾಟಿ ಇಲ್ಲ. ಗಿಡಕ್ಕೆ ಚುಚ್ಚುತ್ತೆ, ಪರಾಗ ತಿನ್ನುತ್ತೆ, ಆದ್ರೂ ಬೆಳೆಗೆ ಲೆಕ್ಕಕ್ಕೆ ಬರೋ ನಷ್ಟ ಮಾಡಲ್ಲ. ಹಾಗಾಗಿ ಇದನ್ನ ಕಂಡ್ರೆ ಖುಷಿಯಿಂದ ಬಿಟ್ಬಿಡಿ.

ಜಿಯೋಕೋರಿಸ್: ಅಗಲ ತಲೆ, ಎರಡು ಕಡೆಗೂ ಹೊರಗೆ ಚಾಚಿರೋ ದೊಡ್ಡ ಕಣ್ಣು, ನೆಲದ ಹತ್ರ ಜೋರಾಗಿ ಓಡೋ ಕೀಟ. ಹತ್ತಿ, ಸೋಯಾದಲ್ಲಿ ಸಿಗುತ್ತೆ. ಹೇನು, ಮೊಟ್ಟೆ, ಸಣ್ಣ ಹುಳ ತಿನ್ನುತ್ತೆ, ಬೀಜ, ಮಕರಂದಕ್ಕೂ ಬಾಯಿ ಹಾಕುತ್ತೆ, ನಷ್ಟ ಇಲ್ಲ.

ಈಗ ಗೊಂದಲ ಆಗೋ ಎರಡು ಜಾಗ. ಒಂದು, ಗುರಾಣಿ ಆಕಾರದ ದೊಡ್ಡ ತಿಗಣೆಗಳು. ಇವುಗಳಲ್ಲಿ ಬೇಟೆಗಾರನೂ ಇದಾವೆ, ಪೂರ್ತಿ ಗಿಡದ ಶತ್ರುಗಳೂ ಇದಾವೆ, ನೋಡೋಕೆ ಎಲ್ಲ ಒಂದೇ ತರ. ಕೀಟನ ಅಂಗಾತ ತಿರುಗಿಸಿ ಕೊಳವೆ ನೋಡಿ. ಬೇಟೆಗಾರನದ್ದು ಬುಡದಲ್ಲಿ ದಪ್ಪ, ಗಟ್ಟಿ, ಮುಂದಕ್ಕೆ ಸಲೀಸಾಗಿ ಚಾಚುತ್ತೆ. ಬರೀ ಗಿಡ ಹೀರೋದರದ್ದು ತೆಳ್ಳಗೆ, ತಲೆ ಅಡಿಗೆ ಅಂಟಿಕೊಂಡು ಮಲಗಿರುತ್ತೆ. ಭುಜದ ಮೇಲಿನ ಮುಳ್ಳು ನೋಡಿ ತೀರ್ಮಾನ ಮಾಡ್ಬೇಡಿ, ಅದು ಎರಡರಲ್ಲೂ ಇರಬಹುದು. ಇನ್ನೊಂದು, ಬದನೆ ಎಲೆನ ಜರಡಿ ತರ ಕೆರೆಯೋ ಇಪ್ಪತ್ತೆಂಟು ಚುಕ್ಕಿ ಹುಳ. ಅದು ಗುಲಗಂಜಿ ಹುಳದ ಕುಟುಂಬದ್ದೇ, ಆದ್ರೆ ಎಲೆ ತಿನ್ನೋದೇ ಅದರ ಕೆಲಸ, ಹೇನು ತಿನ್ನಲ್ಲ. ಅದರ ಮೈ ಮೇಲೆ ಸಣ್ಣ ಕೂದಲು ಇರೋದ್ರಿಂದ ಹೊಳಪು ಇರಲ್ಲ, ಹೇನು ತಿನ್ನೋ ಗುಲಗಂಜಿ ಹುಳಗಳು ಸಾಮಾನ್ಯವಾಗಿ ಪಳಪಳ ಹೊಳೀತವೆ.

ಸ್ಟೆಪ್ 2: ಎರಡನ್ನೂ ಎಣಿಸಿ, ಬರೀ ಬೇಟೆಗಾರನ್ನ ಅಲ್ಲ

ಇಲ್ಲೇ ಹೆಚ್ಚಿನ ಜನ ಅರ್ಧ ಕೆಲಸ ಮಾಡಿ ನಿಲ್ಲಿಸೋದು. "ಗಿಡಕ್ಕೆ ಐದು ತಿಗಣೆ ಇದೆ" ಅಂದ್ರೆ ಏನೂ ಗೊತ್ತಾಗಲ್ಲ. ಐದು ತಿಗಣೆಗೆ ಗಿಡ ತುಂಬ ಬಿಳಿನೊಣದ ಮರಿ ಇದ್ರೆ ಒಳ್ಳೇದು, ಒಂದೂ ಇಲ್ಲ ಅಂದ್ರೆ ಆ ಐದೂ ನಿಮ್ಮ ಕುಡಿ ಮೇಲೆ ಬೀಳ್ತವೆ. ಸ್ಪೇನ್‌ನ ಕ್ಯಾಟಲೋನಿಯಾದಲ್ಲಿ ಟೊಮೆಟೊ ಬೆಳೆಯೋರಿಗೆ ಸಂಶೋಧಕರು ಮಾಡಿಕೊಟ್ಟ ಚಾರ್ಟ್ ಕೂಡ ಇದೇ ತತ್ವದ್ದು, ಮಿರಿಡ್ ಎಷ್ಟು, ಬಿಳಿನೊಣ ಎಷ್ಟು, ಎರಡನ್ನೂ ಒಟ್ಟಿಗೆ ನೋಡಿ ಆಮೇಲೆ ತೀರ್ಮಾನ.

ಬೆಳಿಗ್ಗೆ ತಂಪಿದ್ದಾಗ ಹೋಗಿ, ಬಿಸಿಲೇರಿದ ಮೇಲೆ ತಿಗಣೆ ಹಾರಿಹೋಗ್ತವೆ. ಕುಡಿ ಅಡಿಗೆ ಒಂದು ಬಿಳಿ ತಟ್ಟೆನೋ ದಪ್ಪ ಬಿಳಿ ಹಾಳೆನೋ ಹಿಡಿದು ಕೈಯಲ್ಲಿ ಕುಡಿನ ಎರಡು ಮೂರು ಸಲ ತಟ್ಟಿ. ಬಿದ್ದದ್ದರಲ್ಲಿ ಹೇನು ಅಲ್ಲೇ ನಿಧಾನಕ್ಕೆ ತೆವಳುತ್ತೆ, ಥ್ರಿಪ್ಸ್ ಸಣ್ಣ ಗೆರೆ ತರ ಕಾಣುತ್ತೆ, ಮಿರಿಡ್ ಮರಿ ಉದ್ದ ಕಾಲಲ್ಲಿ ತಟ್ಟೆ ಅಂಚಿಗೆ ಸರ್ರನೆ ಓಡುತ್ತೆ. ಓಡೋದನ್ನ ಮೊದಲು ಎಣಿಸ್ಬಿಡಿ, ಉಳಿದದ್ದು ಕಾಯುತ್ತೆ. ಆಮೇಲೆ ಅದೇ ಗಿಡದ ಮಧ್ಯದ ಎಲೆ, ಕೆಳಗಿನ ಎಲೆ ತಿರುಗಿಸಿ ಬಿಳಿನೊಣದ ಮರಿ, ಮೊಟ್ಟೆ, ನುಸಿ ಎಷ್ಟಿದೆ ನೋಡಿ. ಗ್ರೀನ್‌ಹೌಸ್ ಆದ್ರೆ ಬಾಗಿಲ ಹತ್ರ, ಮಧ್ಯ, ಮೂಲೆ, ಹೀಗೆ ಬೇರೆ ಬೇರೆ ಜಾಗದ ಗಿಡ ಆರಿಸ್ಕೊಳ್ಳಿ, ಒಂದೇ ಸಾಲಲ್ಲಿ ಎಣಿಸಿದ್ರೆ ಮೋಸ ಹೋಗ್ತೀರ, ಯಾಕಂದ್ರೆ ಈ ಕೀಟಗಳು ಸಮನಾಗಿ ಹರಡಲ್ಲ, ಒಂದು ಕಡೆ ಗುಂಪಾಗಿ ಇನ್ನೊಂದು ಕಡೆ ಖಾಲಿ ಇರುತ್ತೆ. ವಾರಕ್ಕೊಂದು ಸಲ ಬರೆದಿಡಿ, ಸೆಕೆಗಾಲದಲ್ಲಿ ವಾರಕ್ಕೆ ಎರಡು ಸಲ.

ಬಿಳಿನೊಣದ ಮರಿ ಎಣಿಸುವಾಗ ಲೆನ್ಸಲ್ಲಿ ಖಾಲಿ ಸಿಪ್ಪೆಗಳನ್ನೂ ನೋಡಿ, ತುಂಬಾ ವಿಷಯ ಹೇಳುತ್ತೆ ಅದು. ನೊಣ ತಾನಾಗೇ ಹೊರಗೆ ಬಂದಿದ್ರೆ ಸಿಪ್ಪೆ ಮೇಲೆ ಇಂಗ್ಲಿಷಿನ ಟಿ ಅಕ್ಷರದ ತರ ಬಿರುಕು ಇರುತ್ತೆ. ಎನ್‌ಕಾರ್ಸಿಯಾ ಅನ್ನೋ ಪರಾವಲಂಬಿ ಕಣಜ ಹೊರಗೆ ಬಂದಿದ್ರೆ ದುಂಡಗಿನ ತೂತು. ತಿಗಣೆ ಹೀರಿದ್ರೆ ಸಿಪ್ಪೆ ಒಳಗೆ ಏನೂ ಇಲ್ಲದೆ ಎಲೆಗೆ ಚಪ್ಪಟೆಯಾಗಿ ಅಂಟಿ ಮುದುಡಿರುತ್ತೆ. ಮುದುಡಿದ ಸಿಪ್ಪೆ ವಾರದಿಂದ ವಾರಕ್ಕೆ ಹೆಚ್ಚಾಗ್ತಿದ್ರೆ ನಿಮ್ಮ ತಿಗಣೆಗಳು ಕೆಲಸದಲ್ಲಿ ಇದಾವೆ ಅಂತ ಅರ್ಥ. ಟಿ ಬಿರುಕೇ ಹೆಚ್ಚು ಅಂದ್ರೆ ನೊಣ ಗೆಲ್ತಾ ಇದೆ.

ಸ್ಟೆಪ್ 3: ಗಾಯನ ಓದಿ

ಟೊಮೆಟೊದಲ್ಲಿ ನೆಸಿಡಿಯೊಕೋರಿಸ್ ಗುರುತು ಅಂದ್ರೆ ಎಳೆ ಕಾಂಡ, ಎಲೆ ತೊಟ್ಟು, ಹೂ ತೊಟ್ಟಿನ ಸುತ್ತ ಕಂದು ಉಂಗುರ. ಒಂದೇ ವೃತ್ತದಲ್ಲಿ ಪದೇ ಪದೇ ಚುಚ್ಚಿರೋದ್ರಿಂದ ಆ ಜಾಗ ಸತ್ತು ಗಟ್ಟಿಯಾಗುತ್ತೆ, ಕುಡಿನ ಮೆಲ್ಲಗೆ ಬಗ್ಗಿಸಿದ್ರೆ ಸರಿಯಾಗಿ ಉಂಗುರ ಇರೋ ಕಡೆಯೇ ಪಟ್ ಅಂತ ಮುರಿಯುತ್ತೆ. ಹೂ ತೊಟ್ಟಲ್ಲಿ ಉಂಗುರ ಬಿದ್ರೆ ಹೂ ಉದುರುತ್ತೆ.

ಹಳೇ ಉಂಗುರ ಮತ್ತು ಹೊಸ ಉಂಗುರ ಬೇರೆ ಬೇರೆ ನೋಡಿ, ಇದು ಬಹಳ ಮುಖ್ಯ. ಕೆಳಗಿನ ಗಟ್ಟಿ ಕಾಂಡದಲ್ಲಿರೋ ಉಂಗುರ ಮೊದಲು ಆದದ್ದು, ಅದಕ್ಕೆ ಈಗ ಏನೂ ಮಾಡೋಕೆ ಆಗಲ್ಲ, ಮಾಡ್ಬೇಕಾಗೂ ಇಲ್ಲ. ಮೇಲಿನ ಕುಡಿಯ ಒಂದು ಗೇಣಿನಲ್ಲಿ ಎಷ್ಟು ಇದೆ ಅನ್ನೋದಷ್ಟೇ ಎಣಿಸಿ, ಯಾಕಂದ್ರೆ ಅದೇ ಈ ವಾರದ ಕಥೆ. ಹೂ ಉದುರಿದ್ದಕ್ಕೆಲ್ಲ ತಿಗಣೆನೇ ಕಾರಣ ಅಂತಲೂ ಅನ್ಕೊಬೇಡಿ, ಅತಿ ಸೆಕೆಯಲ್ಲಿ ಟೊಮೆಟೊ ಹೂ ತಾನಾಗೇ ಉದುರುತ್ತೆ, ಉದುರಿದ ಹೂವಿನ ತೊಟ್ಟು ಲೆನ್ಸಲ್ಲಿ ನೋಡಿ ಕಂದು ಗಾಯ ಇದೆಯಾ ಅಂತ ಖಚಿತ ಮಾಡ್ಕೊಳ್ಳಿ.

ಮತ್ತೆ ಎಲ್ಲ ಚುಚ್ಚೂ ನಷ್ಟ ಅಲ್ಲ. 2015ರಲ್ಲಿ ಸ್ಪೇನ್‌ನ ಸಂಶೋಧಕರು ಪ್ರಕಟಿಸಿದ ಕೆಲಸದ ಪ್ರಕಾರ ನೆಸಿಡಿಯೊಕೋರಿಸ್ ಚುಚ್ಚಿದ ಟೊಮೆಟೊ ಗಿಡ ತನ್ನ ರಕ್ಷಣೆ ಎಬ್ಬಿಸ್ಕೊಳ್ಳುತ್ತೆ, ಜಾಸ್ಮೋನಿಕ್ ಆಮ್ಲ ಮತ್ತು ಅಬ್ಸಿಸಿಕ್ ಆಮ್ಲ ಅನ್ನೋ ಗಿಡದ ಹಾರ್ಮೋನುಗಳ ದಾರಿಗಳು ಚಾಲೂ ಆಗ್ತವೆ, ಗಿಡದ ವಾಸನೆನೇ ಬದಲಾಗುತ್ತೆ, ಆ ವಾಸನೆ ಬಿಳಿನೊಣಕ್ಕೆ ಆಗಿಬರಲ್ಲ, ಎನ್‌ಕಾರ್ಸಿಯಾ ಕಣಜಕ್ಕೆ ಮಾತ್ರ ಇಷ್ಟ ಆಗುತ್ತೆ. ಅಂದ್ರೆ ತಿಗಣೆ ಬರೀ ಬಾಯಿಂದ ಅಲ್ಲ, ಗಿಡದ ಮೂಲಕವೂ ಕೆಲಸ ಮಾಡುತ್ತೆ. ನನಗೆ ಈ ಕೀಟಗಳ ಮೇಲೆ ಇಷ್ಟೊಂದು ಗೌರವ ಬಂದದ್ದೇ ಇದನ್ನ ತಿಳಿದ ಮೇಲೆ, ಅಲ್ಲೊಂದು ಇಲ್ಲೊಂದು ಉಂಗುರ ಕಂಡ ತಕ್ಷಣ ಸ್ಪ್ರೇ ಕ್ಯಾನ್ ಎತ್ತೋರಿಗೆ ಇದನ್ನ ಹೇಳಲೇಬೇಕು ಅನ್ಸುತ್ತೆ.

ಸ್ಟೆಪ್ 4: ತೀರ್ಮಾನ

ಬೇಟೆ ಜಾಸ್ತಿ, ತಿಗಣೆನೂ ಇದೆ, ಕುಡಿಯಲ್ಲಿ ಹೊಸ ಉಂಗುರ ಕಮ್ಮಿ: ಏನೂ ಮಾಡ್ಬೇಡಿ, ಮುಂದಿನ ವಾರ ಎಣಿಸಿ.

ಬೇಟೆ ಬೇಗ ಬೇಗ ಇಳೀತಾ ಇದೆ, ತಿಗಣೆ ಏರ್ತಾ ಇದೆ: ಅಪಾಯದ ಹೊತ್ತು ಇದೇ. ಗಾಯ ಇನ್ನೂ ಕಾಣದಿದ್ರೂ ಸ್ಟೆಪ್ 5 ಈಗಲೇ ಶುರು ಮಾಡಿ. ಉಂಗುರ ಕಂಡ ಮೇಲೆ ಓಡಾಡಿದ್ರೆ ಆಗಲೇ ತಡ.

ಬೇಟೆ ಖಾಲಿ, ತಿಗಣೆ ತುಂಬಿದೆ, ಕುಡಿ ಮುರೀತಿದೆ: ಈಗ ತಿಗಣೆ ಸಂಖ್ಯೆ ಇಳಿಸ್ಲೇಬೇಕು, ಸ್ಟೆಪ್ 6.

ಬೆಳೆಯ ವಯಸ್ಸೂ ಲೆಕ್ಕಕ್ಕೆ ತಗೊಳ್ಳಿ. ಎಳೆ ಗಿಡ, ಹೂ ಕಟ್ಟೋ ಸಮಯ, ಎರಡೂ ಸೂಕ್ಷ್ಮ. ಬೆಳೆದ ಗಟ್ಟಿ ಗಿಡ ಎಷ್ಟೋ ಚುಚ್ಚು ತಡ್ಕೊಳ್ಳುತ್ತೆ. ಸೇಬಿನ ತೋಟದಲ್ಲಿ ಕ್ಯಾಂಪಿಲೋಮಾ ಅನ್ನೋ ಮಿರಿಡ್ ಇದಕ್ಕೆ ಸರಿಯಾದ ಉದಾಹರಣೆ: ಹೂ ಬಿಡೋ ಹೊತ್ತಿಂದ ಸಣ್ಣ ಹೀಚು ಇರೋವರೆಗೆ ಅದರ ಮರಿ ಚುಚ್ಚಿದ್ರೆ ಕಾಯಿ ಮೇಲೆ ಗಂಟು ಬಿದ್ದು ಆಕಾರನೇ ಕೆಡುತ್ತೆ, ಅದಾದ ಮೇಲೆ ಬೇಸಿಗೆ ಪೂರ್ತಿ ಅದೇ ಕೀಟ ಹೇನು, ನುಸಿ ತಿನ್ಕೊಂಡು ತೋಟ ಕಾಯುತ್ತೆ. ಅಲ್ಲಿ ಆ ಕೆಲವು ವಾರ ಬಿಟ್ರೆ ಉಳಿದ ಸಮಯ ಅದಕ್ಕೆ ಹೊಡೆಯೋದು ನಮಗೇ ನಷ್ಟ. ಫೋರ್ಫಿಕ್ಯುಲಾ, ಅಂದ್ರೆ ಬಾಲದಲ್ಲಿ ಇಕ್ಕಳ ಇರೋ ಕಂದು ಕೀಟ, ಸೇಬಲ್ಲಿ ಉಣ್ಣೆ ಹೇನು ತಿಂದು ಉಪಕಾರ ಮಾಡುತ್ತೆ, ಪೀಚ್, ಆಪ್ರಿಕಾಟ್ ತರ ಮೆತ್ತನೆ ಹಣ್ಣಲ್ಲಿ ಹಣ್ಣನ್ನೇ ಕೊರೆಯುತ್ತೆ. ಹತ್ತಿಯಲ್ಲಿ ಥ್ರಿಪ್ಸ್ ಕೂಡ ಜೇಡನುಸಿ ಮೊಟ್ಟೆ ತಿನ್ನುತ್ತೆ, ಕ್ಯಾಲಿಫೋರ್ನಿಯಾದ ಹತ್ತಿ ಬೆಳೆಗಾರರಲ್ಲಿ ಹಂಗಾಮಿನ ಶುರುವಲ್ಲಿ ಅದನ್ನ ಉಪಕಾರಿ ಅಂತ ಉಳಿಸ್ಕೊಳ್ಳೋದೂ ಇದೆ. ಆದ್ದರಿಂದ ಯಾವ ಬೆಳೆ, ಯಾವ ವಯಸ್ಸು ಅಂತ ಕೇಳದೆ ಯಾರೇ ನಿಮಗೆ ಸಲಹೆ ಕೊಟ್ರೆ ತಗೊಬೇಡಿ.

ಸ್ಟೆಪ್ 5: ಅದಕ್ಕೆ ಬೇರೆ ಕಡೆ ಊಟ ಹಾಕಿ

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇ ದಾರಿ ಇದು. ನೆಸಿಡಿಯೊಕೋರಿಸ್‌ಗೆ ಎಳ್ಳಿನ ಗಿಡ ಅಂದ್ರೆ ಟೊಮೆಟೊಗಿಂತ ಇಷ್ಟ. ಟೊಮೆಟೊ ಸಾಲುಗಳ ನಡುವೆ, ತುದಿಗಳಲ್ಲಿ ಎಳ್ಳು ಬೆಳೆಸಿದ್ರೆ ತಿಗಣೆ ಅಲ್ಲಿ ಹೋಗಿ ಕೂರುತ್ತೆ, ಅಲ್ಲೇ ಮೊಟ್ಟೆ ಇಡುತ್ತೆ, ಟೊಮೆಟೊದಲ್ಲಿ ಉಂಗುರ ಕಮ್ಮಿ ಆಗುತ್ತೆ, ಬಿಳಿನೊಣ ಹೆಚ್ಚಿದಾಗ ಮತ್ತೆ ಬೇಟೆಗೆ ಬರೋಕೆ ಹತ್ರದಲ್ಲೇ ಇರುತ್ತೆ. ಸ್ಪೇನ್, ಜಪಾನ್ ಎರಡೂ ಕಡೆ ಈ ಬಗ್ಗೆ ಕೆಲಸ ಆಗಿದೆ. ಎಳ್ಳನ್ನ ಒಂದೇ ಸಲ ಬಿತ್ತಬೇಡಿ, ಮೂರು ನಾಲ್ಕು ವಾರ ಬಿಟ್ಟು ಬಿಟ್ಟು ಬಿತ್ತಿ, ಯಾಕಂದ್ರೆ ಗಿಡ ಒಣಗೋಕೆ ಶುರುವಾದ್ರೆ ಅಲ್ಲಿರೋ ತಿಗಣೆ ಎಲ್ಲ ಒಟ್ಟಿಗೆ ಟೊಮೆಟೊಗೆ ಇಳಿಯುತ್ತೆ.

ಮ್ಯಾಕ್ರೋಲೋಫಸ್‌ಗೆ ಕ್ಯಾಲೆಂಡುಲಾ ಆಶ್ರಯದ ಗಿಡ. ಓರಿಯಸ್‌ಗೆ ಅಲಿಸಮ್ ಹೂ, ಇಲ್ಲಾ ಸದಾ ಹೂ ಬಿಡೋ ಅಲಂಕಾರಿಕ ಮೆಣಸಿನ ಗಿಡ. ದಪ್ಪ ಮೆಣಸಿನಕಾಯಿ ಬೆಳೆಯಲ್ಲಿ ಹೂವಿನ ಪರಾಗ ಇರೋದ್ರಿಂದಲೇ ಓರಿಯಸ್ ಥ್ರಿಪ್ಸ್ ಬರೋಕೆ ಮೊದಲೇ ನೆಲೆ ನಿಲ್ಲುತ್ತೆ, ಗಿಡ ತಿನ್ನೋ ಗುಣದಿಂದ ನಮಗೆ ಸಿಗೋ ನಿಜವಾದ ಲಾಭ ಇದೇ. ಬರೀ ಹುಳ ತಿನ್ನೋ ಕೀಟ ಹುಳ ಇಲ್ಲದಾಗ ಸಾಯುತ್ತೆ ಇಲ್ಲಾ ಹಾರಿಹೋಗುತ್ತೆ, ಇದು ಕಾದು ಕೂತಿರುತ್ತೆ. ಭತ್ತದ ಗದ್ದೆ ಬದುವಲ್ಲಿ ಎಳ್ಳಿನ ಹೂ ಇದ್ರೆ ಕಂದು ಜಿಗಿಹುಳುವಿನ ಮೊಟ್ಟೆ ತಿನ್ನೋ ಸಿರ್ಟೋರೈನಸ್ ಅನ್ನೋ ಮಿರಿಡ್‌ಗೆ ಬಲ ಬರೋದೂ ಇದೇ ಲೆಕ್ಕದಲ್ಲಿ.

ಗಿಡ ಬೆಳೆಸೋಕೆ ಟೈಮ್ ಇಲ್ಲ ಅಂದ್ರೆ ಎಫೆಸ್ಟಿಯಾ ಪತಂಗದ ಮೊಟ್ಟೆ, ಆರ್ಟೀಮಿಯಾ ಅನ್ನೋ ಉಪ್ಪುನೀರಿನ ಸಣ್ಣ ಸೀಗಡಿಯ ಒಣ ಮೊಟ್ಟೆ, ಇವನ್ನ ಎಲೆ ಮೇಲೆ ಉದುರಿಸೋ ಪದ್ಧತಿ ಇದೆ. ಬೇಟೆ ಕಮ್ಮಿ ಇರೋ ವಾರಗಳಲ್ಲಿ ಸ್ವಲ್ಪ ಸ್ವಲ್ಪ ಸಾಕು. ಜಾಸ್ತಿ ಹಾಕಿದ್ರೆ ತಿಗಣೆ ವಿಪರೀತ ಹೆಚ್ಚಿ, ಊಟ ನಿಲ್ಲಿಸಿದ ದಿನ ಎಲ್ಲ ಒಟ್ಟಿಗೆ ಗಿಡಕ್ಕೆ ಬೀಳ್ತವೆ.

ಸ್ಟೆಪ್ 6: ಇಳಿಸ್ಲೇಬೇಕು ಅಂದ್ರೆ

ಪೂರ್ತಿ ಅಳಿಸೋದು ಗುರಿ ಅಲ್ಲ, ಇಳಿಸೋದು ಗುರಿ. ಮಿರಿಡ್ ಕುಡಿಯಲ್ಲೇ ಸೇರೋದ್ರಿಂದ ಜಾಸ್ತಿ ಇರೋ ಪ್ಯಾಚ್ ಗುರುತು ಮಾಡಿ ಅಲ್ಲಿನ ಕುಡಿಗಳಿಗೆ ಮಾತ್ರ ಸೋಪಿನ ದ್ರಾವಣ, ಅದೂ ಕೀಟಕ್ಕೆ ಅಂತ ತಯಾರಿಸಿದ್ದು, ತಾಗೋ ಹಾಗೆ ಹೊಡೀರಿ. ಒಂದು ಸಾಲು ಬಿಟ್ಟು ಒಂದು ಸಾಲು ಮಾಡಿದ್ರೂ ಆಗುತ್ತೆ. ಕೆಳಗಿನ ಎಲೆ, ಪಕ್ಕದ ಕುಡಿ ಚಿವುಟಿ ತೆಗೆಯೋ ಕೆಲಸನೂ ಇಲ್ಲಿ ಉಪಯೋಗಕ್ಕೆ ಬರುತ್ತೆ: ಮಿರಿಡ್ ಮೊಟ್ಟೆ ಗಿಡದ ಒಳಗೇ ಇರುತ್ತೆ, ತಿಗಣೆ ಕಮ್ಮಿ ಆಗ್ಬೇಕು ಅಂದ್ರೆ ಚಿವುಟಿದ್ದನ್ನ ಅವತ್ತೇ ಹೊರಗೆ ಸಾಗಿಸಿ, ಜಾಸ್ತಿ ಬೇಕು ಅಂದ್ರೆ ಕೆಲವು ದಿನ ಸಾಲಿನ ನಡುವೆಯೇ ಬಿಡಿ, ಮರಿಗಳು ವಾಪಸ್ ಗಿಡ ಹತ್ತುತ್ತವೆ.

ಬೇರೆ ಕೀಟಕ್ಕೆ ಸ್ಪ್ರೇ ಮಾಡುವಾಗಲೂ ಒಂದು ವಿಷಯ ನೆನಪಿರಲಿ, ಇದನ್ನ ಜೋರಾಗಿ ಹೇಳ್ತೀನಿ. ಇಮಿಡಾಕ್ಲೋಪ್ರಿಡ್ ತರ ಬುಡಕ್ಕೆ ಹಾಕೋ, ಬೀಜಕ್ಕೆ ಲೇಪಿಸೋ ಅಂತರ್ವ್ಯಾಪಿ ಔಷಧಿ "ಮಿತ್ರ ಕೀಟಕ್ಕೆ ತಾಗಲ್ಲ, ಗಿಡದ ಒಳಗೆ ತಾನೇ ಇರೋದು" ಅನ್ನೋ ಮಾತು ಈ ಕೀಟಗಳ ವಿಷಯದಲ್ಲಿ ಸುಳ್ಳು. ಓರಿಯಸ್, ಜಿಯೋಕೋರಿಸ್, ಮಿರಿಡ್ ಎಲ್ಲವೂ ಗಿಡದ ರಸ ಕುಡೀತವೆ, ವಿಷ ನೇರ ಅವುಗಳ ಹೊಟ್ಟೆಗೇ ಹೋಗುತ್ತೆ. ಎಲೆ ತಿನ್ನೋ ಕಂಬಳಿಹುಳ, ಟೊಮೆಟೊ ಎಲೆ ಕೊರೆಯೋ ಟೂಟಾ ಪತಂಗದ ಮರಿಹುಳ ಇದ್ರೆ ಬಿಟಿ ಬ್ಯಾಕ್ಟೀರಿಯಾದ ಪುಡಿ ಬಳಸಿ, ಅದು ಹುಳ ತಿಂದ್ರೆ ಮಾತ್ರ ಕೆಲಸ ಮಾಡುತ್ತೆ, ತಿಗಣೆಗೆ ಏನೂ ಆಗಲ್ಲ. ಬೇವಿನ ಔಷಧಿ ಎಳೆ ಮರಿಗಳಿಗೆ ತೊಂದರೆ ಕೊಡಬಹುದು, ಹಾಗಾಗಿ ಅದನ್ನೂ "ಪೂರ್ತಿ ಸುರಕ್ಷಿತ" ಅನ್ಕೊಂಡು ಎರಚಬೇಡಿ.

ಸ್ಪ್ರೇ ಆದ ಒಂದು ವಾರಕ್ಕೆ ಮತ್ತೆ ತಟ್ಟೆ ಹಿಡಿದು ಎಣಿಸಿ. ಗಿಡದ ಒಳಗಿನ ಮೊಟ್ಟೆಗೆ ಸೋಪು ತಾಗಿರಲ್ಲ, ಹೊಸ ಮರಿ ಬರುತ್ತೆ, ಅದನ್ನ ನೋಡಿ "ಔಷಧಿ ಕೆಲಸ ಮಾಡಿಲ್ಲ" ಅಂತ ಡಬಲ್ ಡೋಸ್ ಹಾಕ್ಬೇಡಿ.

ಸ್ಟೆಪ್ 7: ನೀವೇ ತಂದು ಬಿಡೋದಾದ್ರೆ

ನಿಮ್ಮ ಪ್ರದೇಶದಲ್ಲಿ ಆಗಲೇ ಇರೋ ಜಾತಿನೇ ಬಿಡಿ, ಹೊರಗಿನ ಜಾತಿ ತರಿಸೋಕೆ ಬಹಳ ದೇಶಗಳಲ್ಲಿ ಅನುಮತಿ ಬೇಕು, ಬೇಕಾಗಿರೋದೂ ಸರಿಯೇ. ನಾಟಿಗೆ ಮೊದಲು ಸಸಿ ಟ್ರೇನಲ್ಲಿ ಇರುವಾಗಲೇ ಬಿಟ್ಟು ಎಫೆಸ್ಟಿಯಾ ಮೊಟ್ಟೆ ಕೊಟ್ರೆ ಅವು ಸಸಿಯಲ್ಲೇ ಮೊಟ್ಟೆ ಇಡ್ತವೆ, ಸಸಿ ಜೊತೆಗೇ ಹೊಲಕ್ಕೆ ಬರ್ತವೆ. ಮ್ಯಾಕ್ರೋಲೋಫಸ್ ಮೊಟ್ಟೆಯಿಂದ ದೊಡ್ಡದಾಗೋಕೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ತಿಂಗಳು ತಗೊಳ್ಳುತ್ತೆ, ಬಿಟ್ಟ ಮರುವಾರನೇ ಫಲಿತಾಂಶ ಕೇಳೋಕೆ ಆಗಲ್ಲ. ನೆಸಿಡಿಯೊಕೋರಿಸ್ ಬೇಗ ಹೆಚ್ಚುತ್ತೆ, ಅದಕ್ಕೇ ಅದನ್ನ ಕಮ್ಮಿ ಸಂಖ್ಯೆಯಲ್ಲಿ ಶುರು ಮಾಡ್ಬೇಕು.

ಬೆಳೆ ಮುಗಿದ ಮೇಲೆ ಎಲ್ಲ ಗಿಡ ಒಂದೇ ದಿನ ಕೀಳ್ಬೇಡಿ. ಪಕ್ಕದಲ್ಲಿ ಹೊಸ ನಾಟಿ ಇದ್ರೆ ಹಸಿದ ತಿಗಣೆ ನೂರಾರು ಲೆಕ್ಕದಲ್ಲಿ ಆ ಎಳೆ ಗಿಡಕ್ಕೆ ಬರುತ್ತೆ, ಅಲ್ಲಿ ಇನ್ನೂ ಬೇಟೆ ಇರಲ್ಲ. ಸಾಲು ಸಾಲಾಗಿ ಕೀಳಿ, ಎಳ್ಳಿನ ಗಿಡಗಳನ್ನ ಕೊನೆವರೆಗೆ ನಿಲ್ಲಿಸಿ, ಹೊಸ ನಾಟಿಯಲ್ಲಿ ಎಣಿಕೆ ಮೊದಲ ವಾರದಿಂದಲೇ ಶುರು ಮಾಡಿ.